ಒಂದೇ ಬಣ್ಣದ ಚರಿತ್ರೆ

ಕನ್ನಡ ಪತ್ರಿಕೆ ಓದುವವರಿಗೆ 'ನೀಲನಕ್ಷೆ' ಎಂಬ ಪದ ಹೊಸದಲ್ಲ. ಜಿಲ್ಲೆಯ ಅಭಿವೃದ್ಧಿಗೆ ನೀಲನಕ್ಷೆ ಸಿದ್ಧವಾಗುತ್ತದೆ, ಚುನಾವಣೆ ಗೆಲ್ಲಲು ನೀಲನಕ್ಷೆ ರೂಪುಗೊಳ್ಳುತ್ತದೆ. ಆ ನಕ್ಷೆ ನೀಲಿಯೇ ಏಕೆ, ಹಸಿರೋ ಕೆಂಪೋ ಏಕಲ್ಲ ಎಂದು ಯಾರೂ ಕೇಳುವುದಿಲ್ಲ. ನಾನು ಮಾತ್ರ ಕೇಳದೆಯೇ ಉತ್ತರ ತಿಳಿದುಕೊಂಡವನು. ನಮ್ಮಪ್ಪ ತುಮಕೂರಿನಲ್ಲಿ ಪಿ.ಡಬ್ಲ್ಯು.ಡಿ. ಡ್ರಾಫ್ಟ್ಸ್‌ಮನ್ ಆಗಿದ್ದರು. ಸೇತುವೆ, ಮೋರಿ, ಶಾಲೆಯ ಕೊಠಡಿ, ಕೆರೆಯ ತೂಬು ಎಲ್ಲವೂ ಅವರ ಕೈಯಲ್ಲಿ ಮೊದಲು ಗೆರೆಯಾಗಿ, ಆಮೇಲೆ ಕಲ್ಲು ಗಾರೆಯಾಗುತ್ತಿದ್ದವು.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರ ಕಚೇರಿಗೆ ಅಮೋನಿಯಾ ಪ್ರಿಂಟಿನ ಯಂತ್ರ ಬಂದಿತ್ತು. ಸಂಜೆ ಮನೆಗೆ ಬಂದಾಗ ಅವರ ಅಂಗಿಯಲ್ಲೂ ಆ ಘಾಟು ಇರುತ್ತಿತ್ತು. ಆದರೆ ತಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಕ್ಷೆಯನ್ನು ಬಿಸಿಲಿನಲ್ಲೇ ಅಚ್ಚು ಹಾಕುತ್ತಿದ್ದರೆಂದು ಅವರು ಹೇಳುತ್ತಿದ್ದರು. ಮರದ ಚೌಕಟ್ಟು, ಅದಕ್ಕೆ ಗಾಜು. ಗಾಜಿನ ಕೆಳಗೆ ಶಾಯಿಯಲ್ಲಿ ಬರೆದ ಟ್ರೇಸಿಂಗ್ ಬಟ್ಟೆ, ಅದರ ಕೆಳಗೆ ಮಸಾಲೆ ಹಚ್ಚಿದ ಫೆರೋ ಕಾಗದ. ಕಚೇರಿಯ ಹಿತ್ತಲಿಗೆ ಹೊತ್ತೊಯ್ದು ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿ, ಹೊತ್ತು ನೋಡಿ ಒಳಗೆ ತಂದು, ನೀರಿನ ತೊಟ್ಟಿಯಲ್ಲಿ ಅದ್ದಿದರೆ ಕಾಗದವೆಲ್ಲ ಕಡುನೀಲಿ, ಗೆರೆಗಳು ಮಾತ್ರ ಬಿಳಿ. ಒಗೆದ ಸೀರೆಗಳ ಹಾಗೆ ಹಗ್ಗದ ಮೇಲೆ ಒಣಹಾಕಿದ ನಕ್ಷೆಗಳು. "ಮೋಡ ಬಂದರೆ ಇಲಾಖೆಗೇ ರಜ" ಎಂದು ಅಪ್ಪ ನಗುತ್ತಿದ್ದರು.

ಅಪ್ಪನ ಗೆರೆಗಳನ್ನು ನೋಡಿ ಬೆಳೆದ ನಾನು ಸಿವಿಲ್ ಎಂಜಿನಿಯರ್ ಆದೆ. ಈಗ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮೇಡ್‌ಸ್ಟನ್ ಊರಿನಲ್ಲಿದ್ದೇನೆ. ಅಪ್ಪನ ಆ ನೀಲಿ ಹುಟ್ಟಿದ್ದು ನನ್ನ ಮನೆಯಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಎಂದು ತಿಳಿದದ್ದು ಎರಡು ವರ್ಷದ ಹಿಂದೆ. ತಿಳಿಯಲು ಕಾರಣವಾದದ್ದು ನಕ್ಷೆಯಲ್ಲ, ಅಮ್ಮನ ಒಂದು ಫೋಟೋ.

ಅಮ್ಮ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಅವಳೊಬ್ಬಳೇ ಇರುವ ಫೋಟೋ ನಮ್ಮಲ್ಲಿರುವುದು ಒಂದೇ. 1978ರಲ್ಲಿ ಕುವೈತಿನಿಂದ ರಜೆಗೆ ಬಂದಿದ್ದ ಸೋದರಮಾವ ತನ್ನ ಹೊಸ ಕ್ಯಾಮೆರಾದಲ್ಲಿ ತುಳಸಿಕಟ್ಟೆಯ ಪಕ್ಕ ನಿಲ್ಲಿಸಿ ತೆಗೆದ ಕಲರ್ ಫೋಟೋ. ಕಲರ್ ಎಂಬ ಕಾರಣಕ್ಕೇ ಅದನ್ನು ಗೋಡೆಗೆ ಹಾಕದೆ, ಬಿಸಿಲು ತಾಗೀತೆಂದು ಅಪ್ಪ ಟ್ರಂಕಿನ ತಳದಲ್ಲಿ ಜೋಪಾನ ಮಾಡಿದ್ದರು. ಅಪ್ಪ ಹೋದ ಮೇಲೆ ಟ್ರಂಕು ತೆರೆದರೆ ಫೋಟೋ ಪೂರ್ತಿ ಕೆಂಪು. ಆಕಾಶ ಗುಲಾಬಿ, ತುಳಸಿ ಕಂದು, ಅಮ್ಮನ ಹಸಿರು ಸೀರೆ ಹಳದಿ. ಕೆಂಪು ನೀರಿನಲ್ಲಿ ಮುಳುಗಿದ ಹಾಗೆ ಅಮ್ಮ.

ಆ ಫೋಟೋವನ್ನು ನಾನು ಇಂಗ್ಲೆಂಡಿಗೆ ತಂದು ಬಹಳ ವರ್ಷ ಸುಮ್ಮನೆ ಇಟ್ಟುಕೊಂಡಿದ್ದೆ. ಕಾಲೇಜು ಓದುವ ಮಗಳು ಒಂದು ಭಾನುವಾರ ಸ್ಕ್ಯಾನ್ ಮಾಡಿ, "ಅಪ್ಪಾ, ಬಣ್ಣ ಸರಿ ಮಾಡಕ್ಕಾಗಲ್ಲ, ಮೋನೋಕ್ರೋಮ್ ಮಾಡಿಬಿಡೋಣ" ಎಂದಳು. ಏನೋ ಒತ್ತಿದಳು, ಯಾವುದೋ ಫಿಲ್ಟರ್ ಹಾಕಿದಳು, ಕಾಂಟ್ರಾಸ್ಟ್ ಏರಿಸಿದಳು. ಕೆಂಪೆಲ್ಲ ಹೋಯಿತು. ಅಮ್ಮನ ಮುಖ ನುಣ್ಣಗೆ, ಬೆಳ್ಳಗೆ, ಕಪ್ಪುಬಿಳುಪಿನ ಕಾಲದ ಸಿನಿಮಾ ನಟಿಯ ಹಾಗೆ ಕಂಡಿತು. ನನಗೆ ಕಣ್ಣು ತುಂಬಿ ಬಂತು. ಆ ಕ್ಷಣವೇ ತುಮಕೂರಿನ ಚಿಕ್ಕಮ್ಮನಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿದೆ.

ಐದು ನಿಮಿಷಕ್ಕೆ ಫೋನು ಬಂತು. "ಏನೋ ಇದು? ನಮ್ಮಕ್ಕನ ಹಣೆ ಬೋಳು ಮಾಡಿಬಿಟ್ಟಿದ್ದೀಯಲ್ಲೋ!"

ನೋಡಿದರೆ ನಿಜ. ಕಾಸಗಲದ ಕುಂಕುಮ ಇಡುತ್ತಿದ್ದ ಅಮ್ಮನ ಹಣೆಯಲ್ಲಿ ಏನೂ ಇರಲಿಲ್ಲ. ಮುತ್ತೈದೆಯಾಗಿ ಹೋದಳು ಎಂಬುದೇ ಮನೆಯವರು ಹೇಳಿಕೊಳ್ಳುತ್ತಿದ್ದ ಒಂದೇ ಸಮಾಧಾನ. ಅದನ್ನು ನಾವು ಒಂದು ಗುಂಡಿ ಒತ್ತಿ ಅಳಿಸಿದ್ದೆವು. ಮಗಳಿಗೆ ಇದು ಅಷ್ಟು ದೊಡ್ಡ ವಿಷಯವಾಗಿ ಕಾಣಲಿಲ್ಲ, "ಮೇಲೆ ಒಂದು ಡಾಟ್ ಇಟ್ಟುಬಿಡಲಾ?" ಎಂದಳು. ಬೇಡ ಎಂದೆ. ಅಮ್ಮ ಇಟ್ಟುಕೊಂಡ ಕುಂಕುಮ ಫೋಟೋದೊಳಗೆ ಎಲ್ಲೋ ಇರಲೇಬೇಕಲ್ಲ, ಅದು ಹೋದದ್ದೆಲ್ಲಿ ಎಂದು ಹುಡುಕತೊಡಗಿದೆ. ಹಾಗೆ ಹುಡುಕುತ್ತಾ ಹೋದದ್ದೇ ಈ ಚರಿತ್ರೆ.

ಬಣ್ಣದ ಚಿತ್ರವನ್ನು ಒಂದೇ ಬಣ್ಣಕ್ಕೆ ಇಳಿಸುವುದೆಂದರೆ ಬಣ್ಣವನ್ನು ತೆಗೆದುಹಾಕುವುದು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಯಾವ ಬಣ್ಣ ಎಷ್ಟು ಕಪ್ಪಾಗಬೇಕು, ಎಷ್ಟು ಬೆಳ್ಳಗಾಗಬೇಕು ಎಂದು ತೀರ್ಮಾನಿಸುವುದು. ಟಿ.ವಿ. ಕಾಲದಿಂದ ಬಂದ ಒಂದು ಲೆಕ್ಕದಲ್ಲಿ ಹಸಿರಿಗೆ ನೂರರಲ್ಲಿ 59 ಪಾಲು, ಕೆಂಪಿಗೆ 30, ನೀಲಿಗೆ 11. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ಕಾಣುವುದರಿಂದ ಈ ಹಂಚಿಕೆ. ಮಗಳು ಒತ್ತಿದ್ದು ಕೆಂಪು ಫಿಲ್ಟರ್. ಅದು ಕೆಂಪಾದದ್ದನ್ನೆಲ್ಲ ಬೆಳ್ಳಗೆ ಮಾಡುತ್ತದೆ. ಚರ್ಮ ನುಣುಪಾಗುತ್ತದೆ, ಮೊಡವೆ ಮಾಯವಾಗುತ್ತದೆ, ಕುಂಕುಮವೂ ಮಾಯವಾಗುತ್ತದೆ.

ಹಳೆಯ ಫೋಟೋಗಳಲ್ಲಿ ಇದಕ್ಕೆ ತದ್ವಿರುದ್ಧ. ಹತ್ತೊಂಬತ್ತನೆಯ ಶತಮಾನದ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಕಾಣುತ್ತಲೇ ಇರಲಿಲ್ಲ. ಆದ್ದರಿಂದ ನೀಲಿ ಆಕಾಶ ಬಿಳಿ ಕಾಗದವಾಗುತ್ತಿತ್ತು, ಕೆಂಪು ಸೀರೆ ಕರಿಯ ಸೀರೆಯಾಗುತ್ತಿತ್ತು. ನೀಲಿ ಕಣ್ಣಿನ ಇಂಗ್ಲಿಷರು ದೆವ್ವ ಹಿಡಿದವರ ಹಾಗೆ ಬಿಳಿಗಣ್ಣರಾಗುತ್ತಿದ್ದರು. ನಮ್ಮ ಮುತ್ತಜ್ಜಿಯರ ಹಣೆಯ ಕುಂಕುಮ ಇದ್ದಿಲಿನ ಬೊಟ್ಟಾಗಿ ಕಾಣುವುದೂ ಇದಕ್ಕೇ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್ ಪ್ಲೇಟಿನ ಲೇಪಕ್ಕೆ ಬಣ್ಣದ ದ್ರವ್ಯ ಬೆರೆಸಿದರೆ ಅದಕ್ಕೆ ಬೇರೆ ಬಣ್ಣಗಳೂ ಕಾಣತೊಡಗುತ್ತವೆಂದು ಕಂಡುಹಿಡಿದ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಲೇಟುಗಳು ಅಂಗಡಿಗೆ ಬಂದದ್ದು 1906ರ ಸುಮಾರಿಗೆ. ಕಪ್ಪುಬಿಳುಪು ಸತ್ಯ ಹೇಳುತ್ತದೆ ಎನ್ನುವವರು ಯಾವ ಕಾಲದ ಕಪ್ಪುಬಿಳುಪು ಎಂದು ಮೊದಲು ಹೇಳಬೇಕು.

ಇದನ್ನೆಲ್ಲ ಓದುತ್ತಿರುವಾಗ ಒಂದು ಹೆಸರು ಮತ್ತೆ ಮತ್ತೆ ಎದುರಾಯಿತು: ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲನ ಮಗ, ತಾನೂ ದೊಡ್ಡ ಖಗೋಳಜ್ಞ. ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ನಾಲ್ಕು ವರ್ಷ ದಕ್ಷಿಣದ ನಕ್ಷತ್ರಗಳನ್ನು ಗುರುತಿಸಿ ಬಂದು, 1840ರಲ್ಲಿ ಕೆಂಟ್‌ನ ಹಾಕ್‌ಹರ್ಸ್ಟ್ ಹಳ್ಳಿಯ ಕಾಲಿಂಗ್‌ವುಡ್ ಎಂಬ ಮನೆಯಲ್ಲಿ ನೆಲೆಸಿದ. 'ಫೋಟೋಗ್ರಫಿ' ಎಂಬ ಪದವನ್ನು 1839ರಲ್ಲಿ ಬಳಕೆಗೆ ತಂದವನು, ನೆಗೆಟಿವ್, ಪಾಸಿಟಿವ್ ಎಂಬ ಮಾತುಗಳನ್ನು ಕೊಟ್ಟವನು ಅವನೇ. ಸ್ಟುಡಿಯೋದವರು ಇಂದಿಗೂ ಹೈಪೋ ಎನ್ನುವ ದ್ರಾವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ, ಅದರಿಂದ ಚಿತ್ರ ನಿಲ್ಲುತ್ತದೆ ಎಂದು ತೋರಿಸಿದವನೂ ಅವನೇ.

ಆದರೆ ಅವನಿಗೆ ಬೇಕಾಗಿದ್ದದ್ದು ಬಣ್ಣದ ಚಿತ್ರ. ತೋಟದ ಹೂಗಳನ್ನು ಅರೆದು ರಸ ತೆಗೆದು ಕಾಗದಕ್ಕೆ ಹಚ್ಚಿ, ಬಿಸಿಲಿಗೆ ಯಾವ ಹೂವಿನ ಬಣ್ಣ ಹೇಗೆ ಮಾಸುತ್ತದೆಂದು ನೋಡುತ್ತಿದ್ದ. ಹೂರಸದ ಚಿತ್ರಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತಿದ್ದವು. ಆಮೇಲೆ ಲವಣಗಳ ಕಡೆ ತಿರುಗಿದ. ಆಲ್‌ಫ್ರೆಡ್ ಸ್ಮೀ ಎಂಬವನ ಮೂಲಕ ಅವನಿಗೆ ಅಮೋನಿಯಂ ಫೆರಿಕ್ ಸಿಟ್ರೇಟ್ ಪರಿಚಯವಾಯಿತು. ರಕ್ತ ಕಮ್ಮಿ ಇದ್ದವರಿಗೆ ಕೊಡುತ್ತಿದ್ದ ಕಬ್ಬಿಣದ ಟಾನಿಕ್ಕಿನ ಲವಣ ಅದು. ಅದನ್ನು ಪೊಟ್ಯಾಸಿಯಂ ಫೆರಿಸಯನೈಡ್ ಜೊತೆ ಸೇರಿಸಿ ಕಾಗದಕ್ಕೆ ಬಳಿದು ಬಿಸಿಲಿಗಿಟ್ಟ. ಬೆಳಕು ಬಿದ್ದಲ್ಲಿ ಕಬ್ಬಿಣ ಮಾರ್ಪಟ್ಟು ಪ್ರಷ್ಯನ್ ನೀಲಿಯಾಗಿ ಕಾಗದದ ನಾರಿಗೆ ಅಂಟಿಕೊಂಡಿತು. ಬೆಳಕು ಬೀಳದಲ್ಲಿ ಮಸಾಲೆ ನೀರಿನಲ್ಲಿ ತೊಳೆದುಹೋಯಿತು. ಕತ್ತಲೆಕೋಣೆ ಬೇಡ, ಬೆಳ್ಳಿ ಬೇಡ, ಹೈಪೋ ಕೂಡ ಬೇಡ. ಇದು 1842ರ ಮಾತು. ಅದಕ್ಕೆ ಸಯನೋಟೈಪ್ ಎಂದು ಹೆಸರಿಟ್ಟ. ಎಲ್ಲ ಬಣ್ಣಗಳನ್ನೂ ಹುಡುಕಿ ಹೊರಟವನಿಗೆ ಸಿಕ್ಕಿದ್ದು ಒಂದು.

ಆ ನೀಲಿಯೂ ಹುಡುಕಿ ಸಿಕ್ಕಿದ್ದಲ್ಲ. ಅಪ್ಪಟ ಕೆಂಪು ಬಣ್ಣ ಮಾಡಲು ಹೋದ ಬರ್ಲಿನ್ನಿನ ಡೀಸ್‌ಬಾಖ್ ಎಂಬವನ ಪಾತ್ರೆಯಲ್ಲಿ, ಪ್ರಾಣಿಯ ರಕ್ತ ಬೆರೆತು ಕಲಬೆರಕೆಯಾಗಿದ್ದ ಪೊಟ್ಯಾಷ್‌ನಿಂದಾಗಿ 1706ರ ಆಸುಪಾಸಿನಲ್ಲಿ ಅದು ಹುಟ್ಟಿತು ಎಂಬುದು ಎಲ್ಲರೂ ಹೇಳುತ್ತ ಬಂದಿರುವ ಕತೆ. ಅದಕ್ಕೆ ಮುಂಚೆ ಒಳ್ಳೆಯ ನೀಲಿ ಎಂದರೆ ಆಫ್ಘಾನಿಸ್ತಾನದ ನೀಲಿಕಲ್ಲನ್ನು ಅರೆದು ಮಾಡಿದ, ಚಿನ್ನದಂಥ ಬೆಲೆಯ ಬಣ್ಣ.

ಹರ್ಷೆಲ್ ಕಂಡುಹಿಡಿದದ್ದನ್ನು ಪುಸ್ತಕ ಮಾಡಿದ್ದು ಒಬ್ಬ ಹೆಂಗಸು, ಅವಳೂ ಇದೇ ಕೆಂಟ್‌ನವಳು. ಆ್ಯನಾ ಅಟ್ಕಿನ್ಸ್ 1799ರಲ್ಲಿ ಟನ್‌ಬ್ರಿಜ್‌ನಲ್ಲಿ ಹುಟ್ಟಿದಳು. ಹೆತ್ತ ಸ್ವಲ್ಪ ಕಾಲಕ್ಕೇ ತಾಯಿ ತೀರಿಕೊಂಡಳು. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ಮಗಳನ್ನು ವಿಜ್ಞಾನದ ನಡುವೆಯೇ ಬೆಳೆಸಿದ. ತಾನು ಅನುವಾದಿಸಿದ ಶಂಖ, ಕಪ್ಪೆಚಿಪ್ಪುಗಳ ಗ್ರಂಥಕ್ಕೆ ಅವಳಿಂದಲೇ ಚಿತ್ರ ಬರೆಸಿದ. ಅವನು ಹರ್ಷೆಲನ ಗೆಳೆಯ. ಹಾಗಾಗಿ ಹೊಸ ವಿಧಾನ ತಡವಿಲ್ಲದೆ ಮಗಳ ಕೈಗೆ ಬಂತು.

ಅವಳಿಗೆ ಕಡಲಪಾಚಿಯ ಮೇಲೆ ಆಸಕ್ತಿ. ಕೂದಲಿಗಿಂತ ಸಣ್ಣ ಎಳೆಗಳ ಆ ಪಾಚಿಗಳನ್ನು ಕೈಯಲ್ಲಿ ಬರೆಯುವುದು ಕಷ್ಟ. 1841ರಲ್ಲಿ ವಿಲಿಯಂ ಹಾರ್ವಿ ಬ್ರಿಟನ್ನಿನ ಪಾಚಿಗಳ ಕೈಪಿಡಿ ತಂದಿದ್ದ, ಆದರೆ ಅದರಲ್ಲಿ ಚಿತ್ರಗಳಿರಲಿಲ್ಲ. ಆ್ಯನಾ ಒಣಗಿಸಿದ ಪಾಚಿಯನ್ನೇ ಮಸಾಲೆ ಹಚ್ಚಿದ ಕಾಗದದ ಮೇಲಿಟ್ಟು, ಮೇಲೆ ಗಾಜು ಮುಚ್ಚಿ ಬಿಸಿಲಿಗಿಟ್ಟಳು. ನೀಲಿ ನೀರಿನಲ್ಲಿ ತೇಲುವ ಬಿಳಿಯ ಪಾಚಿ ಮೂಡಿತು. ಕಡಲಪಾಚಿಗೆ ಇದಕ್ಕಿಂತ ಒಪ್ಪುವ ಬಣ್ಣ ಯಾವುದಿದ್ದೀತು! 1843ರ ಅಕ್ಟೋಬರಿನಲ್ಲಿ ಮೊದಲ ಕಂತು ಹೊರಬಂತು. ಹತ್ತು ವರ್ಷ ಕಂತುಕಂತಾಗಿ ಸುಮಾರು 400 ಚಿತ್ರಗಳನ್ನು ಮಾಡಿದಳು. ಪುಸ್ತಕದ ಅಕ್ಷರಗಳನ್ನೂ ಕೈಯಲ್ಲಿ ಬರೆದು ಅದೇ ವಿಧಾನದಲ್ಲಿ ನೀಲಿಗಿಳಿಸಿದಳು. ಫೋಟೋಗಳಿರುವ ಜಗತ್ತಿನ ಮೊದಲ ಪುಸ್ತಕವೆಂದು ಈಗ ಅದನ್ನು ಒಪ್ಪಿದ್ದಾರೆ. ಅದರಲ್ಲಿ ಅವಳು ತನ್ನ ಪೂರ್ತಿ ಹೆಸರು ಹಾಕಲಿಲ್ಲ, ಎ.ಎ. ಎಂದಷ್ಟೇ ಬರೆದಳು. ಮುಂದೆ ಸಂಗ್ರಾಹಕನೊಬ್ಬ ಅದನ್ನು 'ಅನಾನಿಮಸ್ ಅಮೆಚೂರ್', ಅಂದರೆ ಹೆಸರಿಲ್ಲದ ಹವ್ಯಾಸಿ, ಎಂದು ಓದಿಕೊಂಡ. ಅವಳು ಹರ್ಷೆಲನಿಗೆ ಕೊಟ್ಟ ಪ್ರತಿ ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಅವರಿಬ್ಬರೂ ತೀರಿಕೊಂಡದ್ದು 1871ರಲ್ಲಿ, ಒಂದು ತಿಂಗಳ ಒಳಗೆ ಒಬ್ಬರ ಹಿಂದೆ ಒಬ್ಬರು.

ಕಲಾವಿದರಿಗೆ ಈ ನೀಲಿ ಹಿಡಿಸಲಿಲ್ಲ. ಪೀಟರ್ ಹೆನ್ರಿ ಎಮರ್ಸನ್ ಎಂಬ ಹೆಸರಾಂತ ಛಾಯಾಗ್ರಾಹಕ ತನ್ನ 1889ರ ಪುಸ್ತಕದಲ್ಲಿ, ಭೂದೃಶ್ಯವನ್ನು ನೀಲಿಯಲ್ಲೋ ಕೆಂಪಿನಲ್ಲೋ ಅಚ್ಚು ಹಾಕುವವನು ಅನಾಗರಿಕನೇ ಸರಿ ಎಂಬಂತೆ ಬೈದಿದ್ದಾನೆ. ಆದರೆ ಎಂಜಿನಿಯರುಗಳು ಎರಡೂ ಕೈಯಲ್ಲಿ ಬಾಚಿಕೊಂಡರು. ಅಲ್ಲಿಯವರೆಗೆ ಒಂದು ನಕ್ಷೆಗೆ ಹತ್ತು ಪ್ರತಿ ಬೇಕೆಂದರೆ ಗುಮಾಸ್ತ ಹತ್ತು ಸಲ ಬರೆಯಬೇಕಿತ್ತು. 1870ರ ದಶಕದಲ್ಲಿ ಮಸಾಲೆ ಹಚ್ಚಿದ ಕಾಗದ ಸುರುಳಿಗಟ್ಟಲೆ ಮಾರಾಟಕ್ಕೆ ಬಂದ ಮೇಲೆ ರೈಲು, ಹಡಗು, ಅಣೆಕಟ್ಟು ಎಲ್ಲವೂ ನೀಲಿ ಕಾಗದದ ಮೇಲೆ ಬಿಳಿ ಗೆರೆಗಳಾಗಿ ಊರೂರು ತಿರುಗಿದವು. 1900ರಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರಿಗೆ ಬೋಯರರು ಮುತ್ತಿಗೆ ಹಾಕಿದ್ದಾಗ, ಹೊರಗಿನಿಂದ ಏನೂ ಬರದೆ, ಊರಿನೊಳಗಿದ್ದವರು ಅಂಚೆಚೀಟಿಗಳನ್ನೂ ಇದೇ ವಿಧಾನದಲ್ಲಿ ಮಾಡಿಕೊಂಡರು. ತುಮಕೂರಿನ ಕಚೇರಿಯ ಹಿತ್ತಲಿಗೂ ಅದು ಹೀಗೇ ಬಂತು. ಯಂತ್ರ ಬಂದಾಗ ವಿಧಾನ ಹೋಯಿತು. 'ನೀಲನಕ್ಷೆ' ಎಂಬ ಮಾತು ಮಾತ್ರ ಕನ್ನಡದಲ್ಲಿ ಉಳಿಯಿತು.

ನಮ್ಮ ನಾಡಿನ ಮೊದಮೊದಲ ಫೋಟೋಗಳೂ ಒಂದೇ ಬಣ್ಣದವು. ಆದರೆ ಅವು ಕಂದು. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ, ಆ್ಯಂಡ್ರ್ಯೂ ನೀಲ್ ಎಂಬ ವೈದ್ಯನೊಂದಿಗೆ ಬಂದು ಬೇಲೂರು ಹಳೇಬೀಡುಗಳ ಚಿತ್ರ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಅವೇ ಚಿತ್ರಗಳನ್ನು ತೆಗೆದರು. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ಫೋಟೋಗಳನ್ನೇ ಅಂಟಿಸಿದ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಇವುಗಳಲ್ಲೆಲ್ಲ ಹೊಯ್ಸಳರ ಕರಿಕಲ್ಲು ಕಂದುಗಲ್ಲಾಗಿ ಕಾಣುತ್ತದೆ, ಆಕಾಶ ಖಾಲಿ. ಆ ಖಾಲಿತನ ನೋಡಲಾರದೆ ಟ್ರೈಪ್ ಕೆಲವು ನೆಗೆಟಿವ್‌ಗಳ ಮೇಲೆ ಕುಂಚದಿಂದ ತಾನೇ ಮೋಡ ಬರೆದಿದ್ದಾನೆ.

ಆ ಕಾಲದ ಬಹುಪಾಲು ಅಚ್ಚುಗಳು ಮೊಟ್ಟೆಯ ಬಿಳಿ ಲೋಳೆ ಸವರಿದ ಕಾಗದದ ಮೇಲಿನವು. ಮಡಿವಂತ ಮನೆಗಳ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಎಷ್ಟೋ ಹಿರಿಯರು ಮೊಟ್ಟೆಯ ಮೇಲೆ ಕುಳಿತವರೇ! ಬೆಳ್ಳಿಯ ಸೂಕ್ಷ್ಮ ಕಣಗಳಿಂದ ಬಂದ ಕಂದು ಅದು. ಮುಂದೆ ಕಪ್ಪುಬಿಳುಪು ಕಾಗದ ಬಂದ ಮೇಲೆ ಸ್ಟುಡಿಯೋಗಳು ಬೇಕೆಂದೇ ಸೆಪಿಯಾ ಮಾಡಿಕೊಟ್ಟವು. ಸೆಪಿಯಾ ಎಂಬುದು ಒಂದು ಕಡಲಜೀವಿ ಉಗುಳುವ ಶಾಯಿಯ ಹೆಸರು. ಸ್ಟುಡಿಯೋದಲ್ಲಿ ಆ ಶಾಯಿ ಇರುತ್ತಿರಲಿಲ್ಲ. ಅಚ್ಚನ್ನು ಮೊದಲು ಪೊಟ್ಯಾಸಿಯಂ ಫೆರಿಸಯನೈಡ್ ಬೆರೆತ ದ್ರಾವಣದಲ್ಲಿ ಬಿಳಿಚಿಸಿ, ಆಮೇಲೆ ಕೊಳೆತ ಮೊಟ್ಟೆಯಂತೆ ನಾರುವ ಸೋಡಿಯಂ ಸಲ್ಫೈಡಿನಲ್ಲಿ ಅದ್ದುತ್ತಿದ್ದರು. ಬೆಳ್ಳಿ ಬೆಳ್ಳಿಯ ಸಲ್ಫೈಡ್ ಆಗುತ್ತಿತ್ತು, ಬಣ್ಣ ಕಂದಾಗುತ್ತಿತ್ತು. ಹರ್ಷೆಲನ ನೀಲಿಗೂ ಸ್ಟುಡಿಯೋದ ಕಂದಿಗೂ ಆ ಕೆಂಪು ಹರಳು ಒಂದೇ. ಚೆಂದದ ಜೊತೆಗೆ ಇದರಲ್ಲಿ ಲಾಭವೂ ಇತ್ತು. ಬರೀ ಬೆಳ್ಳಿಗಿಂತ ಬೆಳ್ಳಿಯ ಸಲ್ಫೈಡ್ ಗಟ್ಟಿ, ಹಾಗಾಗಿ ಸೆಪಿಯಾ ಮಾಡಿದ ಚಿತ್ರ ಹೆಚ್ಚು ಕಾಲ ಬಾಳುತ್ತಿತ್ತು. ಅಜ್ಜನ ಕಂದು ಫೋಟೋ ಇನ್ನೂ ನಗುತ್ತಿರುವಾಗ ಅಮ್ಮನ ಕಲರ್ ಫೋಟೋ ಕೆಂಪಾದದ್ದು ಏಕೆಂದು ನನಗೆ ಆಗ ಅರ್ಥವಾಯಿತು.

ಕಲರ್ ಫೋಟೋದಲ್ಲಿ ಬೆಳ್ಳಿ ಉಳಿಯುವುದಿಲ್ಲ. ಇರುವುದು ಮೂರು ಪದರದ ಬಣ್ಣ: ನೀಲಿಹಸಿರು, ಕಡುಗುಲಾಬಿ, ಹಳದಿ. ಆ ದಿನಗಳ ಕಾಗದಗಳಲ್ಲಿ ನೀಲಿಹಸಿರು ಪದರ ಕತ್ತಲೆಯಲ್ಲಿಟ್ಟರೂ ತನ್ನಷ್ಟಕ್ಕೆ ಸಾಯುತ್ತಿತ್ತು. ಬಿಸಿಲಿನಿಂದ ಕಾಪಾಡಲು ಅಪ್ಪ ಟ್ರಂಕಿನ ತಳದಲ್ಲಿಟ್ಟದ್ದು ಅದನ್ನು ಉಳಿಸಲಿಲ್ಲ. ನೀಲಿಹಸಿರು ಹೋದ ಮೇಲೆ ಉಳಿದ ಗುಲಾಬಿ ಮತ್ತು ಹಳದಿ ಸೇರಿ ಎಲ್ಲವೂ ಕೆಂಪು. ಮಗಳು ಕೆಂಪು ಫಿಲ್ಟರಿನಲ್ಲಿ ನೋಡಿದ್ದು ಸತ್ತುಹೋದ ಪದರವನ್ನು. ಅಲ್ಲಿ ಅಮ್ಮ ಇರಲಿಲ್ಲ, ಅಮ್ಮನ ನೆರಳಷ್ಟೇ ಇತ್ತು. ಜೀವ ಇದ್ದದ್ದು ಕಡುಗುಲಾಬಿಯ ಪದರದಲ್ಲಿ. ಅದು ಕಾಣುವುದು ಹಸಿರು ಚಾನೆಲ್ಲಿನಲ್ಲಿ.

ಮಗಳನ್ನು ಕೂರಿಸಿಕೊಂಡು ಹಸಿರನ್ನು ಮಾತ್ರ ಇಟ್ಟು ಉಳಿದೆರಡನ್ನು ತೆಗೆಸಿದೆ. ಪರದೆಯ ಮೇಲೆ ಅಮ್ಮ ಬಂದಳು. ಮುಖ ಮುಂಚಿನಷ್ಟು ಬೆಳ್ಳಗಿರಲಿಲ್ಲ, ನುಣ್ಣಗೂ ಇರಲಿಲ್ಲ. ಕಣ್ಣ ಕೆಳಗೆ ಕಪ್ಪು, ಕೆನ್ನೆಯ ಮೇಲೆ ಸಿಡುಬಿನ ಎರಡು ಕಲೆ. ಆ ಕಲೆಗಳನ್ನು ನಾನು ಮರೆತೇಬಿಟ್ಟಿದ್ದೆ. ಹಣೆಯ ನಡುವೆ ಕಾಸಗಲ ಕಪ್ಪಗೆ, ದುಂಡಗೆ, ಕುಂಕುಮ.

ಅದನ್ನು ಹಾಗೇ ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿಸಬಹುದಿತ್ತು. ಆದರೆ ಅಪ್ಪನ ಹಿತ್ತಲು ನೆನಪಾಯಿತು. ಪಾರದರ್ಶಕ ಹಾಳೆಯ ಮೇಲೆ ನೆಗೆಟಿವ್ ಮಾಡಿಸಿಕೊಂಡೆ. 100 ಮಿಲಿಲೀಟರ್ ನೀರಿಗೆ 25 ಗ್ರಾಂ ಸಿಟ್ರೇಟ್, ಇನ್ನೊಂದು 100 ಮಿಲಿಲೀಟರ್‌ಗೆ 10 ಗ್ರಾಂ ಫೆರಿಸಯನೈಡ್. ಎರಡನ್ನೂ ಸಮಸಮ ಬೆರೆಸಿ ದಪ್ಪ ಕಾಗದಕ್ಕೆ ಬಳಿದು ಗ್ಯಾರೇಜಿನ ಕತ್ತಲೆಯಲ್ಲಿ ಒಣಗಿಸಿದೆವು. ಜೂನ್ ತಿಂಗಳ ಒಂದು ಶನಿವಾರ, ಕೆಂಟ್‌ನಲ್ಲಿ ಅಪರೂಪಕ್ಕೆ ತುಮಕೂರಿನ ಬಿಸಿಲು. ಫೋಟೋ ಚೌಕಟ್ಟಿನ ಗಾಜಿನ ಕೆಳಗೆ ನೆಗೆಟಿವ್, ಅದರ ಕೆಳಗೆ ಕಾಗದ. ಇಪ್ಪತ್ತು ನಿಮಿಷ ಕಾದೆವು. ಮಧ್ಯೆ ಮೋಡ ಬಂದಾಗ ನಾನು "ಇಲಾಖೆಗೇ ರಜ" ಎಂದೆ. ಮಗಳಿಗೆ ಅದರ ಕತೆ ಹೇಳಬೇಕಾಯಿತು. ಅಡುಗೆಮನೆಯ ಸಿಂಕಿನಲ್ಲಿ ನೀರು ಬಿಟ್ಟಾಗ ಹಳದಿ ಹರಿದುಹೋಗಿ ನಿಧಾನವಾಗಿ ನೀಲಿ ಉಳಿಯಿತು. ಅಮ್ಮ ನೀಲಿಯಾಗಿ ಬಂದಳು. ಒಣಗುತ್ತಾ ಹೋದಂತೆ ಬಣ್ಣ ಇನ್ನೂ ಗಾಢವಾಯಿತು.

ಒಂದು ಪ್ರತಿಯನ್ನು ಊರಿಗೆ ಹೋದಾಗ ಚಿಕ್ಕಮ್ಮನಿಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. "ಕೃಷ್ಣನ ಬಣ್ಣಕ್ಕೆ ತಂದಿಟ್ಟಿದ್ದೀಯ ನಮ್ಮಕ್ಕನ್ನ" ಎಂದರು. ಆಮೇಲೆ ಬೆರಳಿನಿಂದ ಹಣೆ ಮುಟ್ಟಿ ನೋಡಿ, "ಇದೆ" ಎಂದರು. ಸೀರೆಯ ಬಣ್ಣ ಕಾಣುವುದಿಲ್ಲವಲ್ಲ ಎಂದು ನಾನೇ ಹೇಳಿದ್ದಕ್ಕೆ, "ಅದು ನನಗೆ ಗೊತ್ತಲ್ಲ, ಗಿಣಿ ಹಸಿರು, ಅಂಚು ಅರಿಶಿನ" ಎಂದರು. ನೀಲಿಗೆ ಕ್ಷಾರ ಆಗದು, ಸುಣ್ಣದ ಗೋಡೆಗೆ ತಾಗಿಸಬೇಡಿ ಎಂದು ಎಚ್ಚರಿಸಿ ಬಂದೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಫೋನು. ನಡುಮನೆಯ ಕಿಟಕಿಯ ಎದುರಿಗೆ ತೂಗುಹಾಕಿದ್ದ ಅಮ್ಮ ಬಿಳಿಚಿಕೊಂಡಿದ್ದಾಳಂತೆ. ಚಿಕ್ಕಮ್ಮನ ದನಿ ನಡುಗುತ್ತಿತ್ತು. ನನಗೆ ಗಾಬರಿಯಾಗಲಿಲ್ಲ. ಬಿಸಿಲಿಗೆ ಮಾಸಿದ ಈ ನೀಲಿಯನ್ನು ಕೆಲವು ದಿನ ಕತ್ತಲೆಯಲ್ಲಿಟ್ಟರೆ ಗಾಳಿಯ ಆಮ್ಲಜನಕ ಹೀರಿಕೊಂಡು ಬಹುಪಾಲು ಮರಳಿ ಬರುತ್ತದೆ. ಹಳೆ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಡಿ, ತಿಂಗಳು ಬಿಟ್ಟು ತೆಗೆಯಿರಿ ಎಂದೆ. ತಿಂಗಳು ಕಳೆಯುವ ಮುಂಚೆಯೇ ತೆಗೆದು ನೋಡಿದ್ದಾರೆ. ಬಣ್ಣ ಬಂದಿತ್ತು.

ಈಗ ಅದು ಅವರಿಗೆ ವ್ರತದಂತೆ ಆಗಿದೆ. ಯುಗಾದಿ ಕಳೆದ ಮೇಲೆ ಅಮ್ಮನನ್ನು ಗೋಡೆಯಿಂದ ಇಳಿಸಿ ಬೀರುವಿಗೆ ಇಡುತ್ತಾರೆ, ಮಳೆ ಹಿಡಿದ ಮೇಲೆ ಮತ್ತೆ ತೂಗುಹಾಕುತ್ತಾರೆ. ಈ ಸಲ ಫೋನು ಮಾಡಿದಾಗ ಕೇಳಿದೆ, ಅಮ್ಮ ಎಲ್ಲಿ ಎಂದು. "ಒಳಗೆ ಮಲಗಿದ್ದಾಳೆ ಕಣೋ, ಬಿಸಿಲು ಜಾಸ್ತಿ" ಎಂದರು.